ಈರುಳ್ಳಿ ಸಿಪ್ಪೆ ನೋಡಿ ಆಯ್ತು, ಮೈಕ್ರೋಸ್ಕೋಪಿನಲ್ಲಿ ಇನ್ನೇನಿದೆ?

ಥಾಣೆಯಿಂದ ನೀವು ಕೇಳಿರುವುದು ಇಷ್ಟು: ಏಳನೇ ಕ್ಲಾಸಿನ ಮಗಳಿಗೆ ಮೈಕ್ರೋಸ್ಕೋಪ್ ಕೊಡಿಸಿದಿರಿ, ಈರುಳ್ಳಿ ಸಿಪ್ಪೆ, ಉಪ್ಪಿನ ಹರಳು, ಸೊಳ್ಳೆ ರೆಕ್ಕೆ ನೋಡಿ ಮುಗಿಯಿತು, ಈಗ ಅದು ಕಪಾಟು ಸೇರಿದೆ. ಚಿಕ್ಕದು ದೊಡ್ಡದಾಗಿ ಕಾಣುತ್ತದೆ, ಅಷ್ಟೇ ಅಲ್ವಾ, ಇದರಲ್ಲಿ ವಿಜ್ಞಾನ ಎಲ್ಲಿದೆ ಅಂತ ನಿಮ್ಮ ಪ್ರಶ್ನೆ.

ನಾನು ಪುಣೆಯಲ್ಲಿ, ಭೋಸರಿ ಕಡೆಯ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಉಕ್ಕಿನ ತುಂಡು ಕತ್ತರಿಸಿ, ಪಾಲಿಶ್ ಮಾಡಿ, ನೈಟಾಲ್ (ಆಲ್ಕೋಹಾಲಿಗೆ ಸ್ವಲ್ಪ ನೈಟ್ರಿಕ್ ಆಸಿಡ್ ಬೆರೆಸಿದ್ದು) ಹಚ್ಚಿ ಅದರ ಕಣರಚನೆ ನೋಡುವುದು ನನ್ನ ಹೊಟ್ಟೆಪಾಡು. ಮನೆಯಲ್ಲಿರುವುದು ನಿಮ್ಮ ಮಗಳ ಹತ್ತಿರ ಇರುವಂಥದ್ದೇ ಸಾದಾ ಮೈಕ್ರೋಸ್ಕೋಪ್. ನನ್ನ ಉತ್ತರ ಇದು: ಅಳತೆ ಚಿಕ್ಕದಾಗುತ್ತಾ ಹೋದಂತೆ ಯಾವ ಬಲದ ಕೈ ಮೇಲಾಗುತ್ತದೆ ಎನ್ನುವುದೇ ಬದಲಾಗುತ್ತದೆ. ನಮ್ಮ ಬದುಕಿನಲ್ಲಿ ಭೂಮಿಯ ಸೆಳೆತವೇ ಯಜಮಾನ. ಅಲ್ಲಿ ಅದನ್ನು ಕೇಳುವವರಿಲ್ಲ. ಈ ಬದಲಾವಣೆಯನ್ನು ಕಣ್ಣಾರೆ ನೋಡಬಹುದು, ಖರ್ಚೂ ಇಲ್ಲ.

ಮೊದಲು ಹಾಲು. ಪಾಕೀಟಿನ ಹಾಲು ಒಂದು ಹನಿ, ಅರ್ಧ ಲೋಟ ನೀರಿಗೆ ಹಾಕಿ ಕಲಸಿ. ಅದರಿಂದ ಒಂದು ಹನಿ ಸ್ಲೈಡಿನ ಮೇಲೆ ಇಟ್ಟು ಕವರ್ ಸ್ಲಿಪ್ ಮುಚ್ಚಿ, 400 ಪಟ್ಟಿನಲ್ಲಿ ನೋಡಿ. ಬೆಳಕು ಸ್ವಲ್ಪ ಕಡಿಮೆ ಇರಲಿ, ಜಾಸ್ತಿ ಬೆಳಕಿದ್ದರೆ ಏನೂ ಕಾಣುವುದಿಲ್ಲ. ದುಂಡನೆಯ ಚುಕ್ಕಿಗಳು ಕಾಣುತ್ತವೆ, ಅವು ಹಾಲಿನ ಕೊಬ್ಬಿನ ಹನಿಗಳು. ಮೊದಮೊದಲು ಎಲ್ಲವೂ ಒಂದೇ ಕಡೆ ತೇಲಿಕೊಂಡು ಹೋಗುತ್ತವೆ, ಅದು ಸುಮ್ನೆ ನೀರಿನ ಹರಿವು, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಹರಿವು ನಿಂತ ಮೇಲೆ ಗಮನಿಸಿ: ಒಂದೊಂದು ಚುಕ್ಕಿಯೂ ತನ್ನಷ್ಟಕ್ಕೆ, ಪಕ್ಕದ್ದಕ್ಕೆ ಸಂಬಂಧವೇ ಇಲ್ಲದೆ, ನಡುಗುತ್ತಿರುತ್ತದೆ. ಚಿಕ್ಕದು ಜಾಸ್ತಿ ನಡುಗುತ್ತದೆ, ದೊಡ್ಡದು ಕಡಿಮೆ. ಎಷ್ಟು ಹೊತ್ತು ನೋಡಿದರೂ ನಿಲ್ಲುವುದಿಲ್ಲ.

ಮಗಳು ಖಂಡಿತ ಕೇಳುತ್ತಾಳೆ, ಇದಕ್ಕೆ ಜೀವ ಇದೆಯಾ ಅಂತ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿಗೂ ಇದೇ ಅನುಮಾನ ಬಂದಿತ್ತು. ಅವನು ನೋಡುತ್ತಿದ್ದದ್ದು ಹೂವಿನ ಪರಾಗದೊಳಗಿನ ಕಣಗಳನ್ನು. ಜೀವವೇ ಕಾರಣವಾ ಎಂದು ತಿಳಿಯಲು ಅವನು ಗಾಜು, ಕಲ್ಲು, ಲೋಹ ಎಲ್ಲವನ್ನೂ ಅರೆದು ನೀರಿಗೆ ಹಾಕಿ ನೋಡಿದ. ಈಜಿಪ್ಟಿನ ಸ್ಫಿಂಕ್ಸ್ ಇದೆಯಲ್ಲ, ಅದರ ಒಂದು ಚೂರನ್ನೂ ಬಿಡಲಿಲ್ಲ! ಎಲ್ಲವೂ ನಡುಗಿದವು. ಕಾರಣ ಹೇಳಿದ್ದು 1905ರಲ್ಲಿ ಐನ್‌ಸ್ಟೈನ್: ಕಣ್ಣಿಗೆ ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿವೆ, ಗುದ್ದು ಎಲ್ಲ ಕಡೆಯೂ ಸಮನಾಗಿ ಬೀಳುವುದಿಲ್ಲ, ಅದಕ್ಕೇ ಈ ನಡುಕ. ಫ್ರಾನ್ಸಿನ ಜಾನ್ ಪೆರಾನ್ ಅದನ್ನು ಅಳೆದು ತೋರಿಸಿದ ಮೇಲೆ ಅಣು ಎನ್ನುವುದು ನಿಜವಾಗಿ ಇದೆ ಎಂದು ಉಳಿದವರೂ ಒಪ್ಪಿದರು, 1926ರಲ್ಲಿ ಅವನಿಗೆ ನೊಬೆಲ್ ಬಂತು. ಅವನು ನೀರಿಗೆ ಬೆರೆಸಿ, ಕಣಗಳ ನಡುಕ ಅಳೆದ ಹಳದಿ ಅಂಟು ಯಾವ ಮರದ್ದು ಗೊತ್ತೇ? ಸೋಲ್‌ಕಡಿಗೆ ಹಾಕುತ್ತಾರಲ್ಲ ಆ ಕೋಕಮ್, ನಮ್ಮೂರ ಮುರುಗಲು, ಅದರದೇ ಕುಲದ ಮರದ್ದು. ಮಗಳಿಗೆ ಇದನ್ನು ತಪ್ಪದೆ ಹೇಳಿ.

ಮರುದಿನ ಮೊಸರಿನ ತಿಳಿನೀರು ನೋಡಿ. ಚಿಕ್ಕ ಕಡ್ಡಿಗಳು, ಸರಪಳಿಗಳು ಕಂಡರೆ ಅವು ಬ್ಯಾಕ್ಟೀರಿಯಾ. ಇವಕ್ಕೆ ಜೀವ ಇದೆ, ಆದರೆ ಈಜುವ ಜಾತಿಯವಲ್ಲ, ಹಾಲಿನ ಚುಕ್ಕಿಯ ಥರವೇ ನಡುಗುತ್ತವೆ ಅಷ್ಟೇ. ಅಲುಗಾಡಿದ್ದಕ್ಕೆಲ್ಲ ಜೀವ ಇರಬೇಕಿಲ್ಲ, ಜೀವ ಇದ್ದದ್ದು ಈಜಲೇಬೇಕಿಲ್ಲ.

ಈಜುವ ಬ್ಯಾಕ್ಟೀರಿಯಾದ ಕಷ್ಟವೇ ಬೇರೆ. ಎಡ್ವರ್ಡ್ ಪರ್ಸೆಲ್ ಎಂಬ ಭೌತವಿಜ್ಞಾನಿ 1976ರಲ್ಲಿ ಒಂದು ಭಾಷಣದಲ್ಲಿ ಇದರ ಲೆಕ್ಕ ಕೊಟ್ಟ. ನಾವು ಈಜುತ್ತಾ ಕೈಕಾಲು ನಿಲ್ಲಿಸಿದರೂ ಒಂದಿಷ್ಟು ದೂರ ಮುಂದೆ ಜಾರುತ್ತೇವೆ. ಬ್ಯಾಕ್ಟೀರಿಯಾ ನಿಲ್ಲಿಸಿದರೆ ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಹೋಗುವುದಿಲ್ಲ, ಅಲ್ಲೇ ನಿಂತುಬಿಡುತ್ತದೆ. ಅದರ ಪಾಲಿಗೆ ನೀರು ಎಂದರೆ ನಮಗೆ ಕಾಕಂಬಿಯ ತೊಟ್ಟಿಯಲ್ಲಿ ಬಿದ್ದ ಹಾಗೆ. ಅಲ್ಲಿ ಹಿಂದೆ ಮುಂದೆ ಬಾಲ ಬಡಿದರೆ ಪ್ರಯೋಜನ ಇಲ್ಲ, ಮುಂದೆ ಹೋದಷ್ಟೇ ಹಿಂದೆ ಬರುತ್ತದೆ. ಅದಕ್ಕೇ ನಮ್ಮ ಕರುಳಿನಲ್ಲಿರುವ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಸುರುಳಿಯಾಗಿರುವ ಬಾಲವನ್ನು ಬುಡದಿಂದಲೇ ಗಿರಗಿರ ತಿರುಗಿಸುತ್ತವೆ, ಬುಡದಲ್ಲಿ ನಿಜವಾದ ತಿರುಗುವ ಮೋಟಾರೇ ಇದೆ. ನನ್ನ ಮಟ್ಟಿಗೆ ಇಡೀ ಜೀವವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಯಂತ್ರ ಇಲ್ಲ.

ಇದೆಲ್ಲದರ ಹಿಂದಿನ ಲೆಕ್ಕ ಶಾಲೆಯದೇ. ಒಂದು ವಸ್ತುವಿನ ಉದ್ದ, ಅಗಲ, ಎತ್ತರ ಮೂರನ್ನೂ 10ರಲ್ಲಿ ಒಂದು ಪಾಲಿಗೆ ಇಳಿಸಿದರೆ ಮೈಯ ಹೊರಮೈ 100ರಲ್ಲಿ ಒಂದು ಪಾಲಾಗುತ್ತದೆ, ತೂಕ ಮಾತ್ರ 1000ದಲ್ಲಿ ಒಂದು ಪಾಲು. ಹಾಗಾಗಿ ಚಿಕ್ಕದಾದಷ್ಟೂ ತೂಕ ಸೋಲುತ್ತದೆ, ಹೊರಮೈಯ ಅಂಟುವಿಕೆ ಗೆಲ್ಲುತ್ತದೆ. ನಿಮ್ಮ ಮನೆ ಹಲ್ಲಿ ತಾರಸಿಯಲ್ಲಿ ತಲೆಕೆಳಗಾಗಿ ಓಡುವುದೂ ಈ ಲೆಕ್ಕದ ಮೇಲೆಯೇ. ಅದರ ಕಾಲಿನಲ್ಲಿ ಗೋಂದು ಇಲ್ಲ. ಟೋಕೆ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲೂ ಸುಮಾರು 5 ಲಕ್ಷ ಸಣ್ಣ ಕೂದಲಿವೆ, ಪ್ರತಿ ಕೂದಲಿನ ತುದಿ ಮತ್ತೆ ನೂರಾರು ಎಳೆಯಾಗಿ ಸೀಳಿದೆ. ಅಷ್ಟು ತುದಿಗಳು ಗೋಡೆಗೆ ತಾಗಿದಾಗ ಅಣುಗಳ ನಡುವಿನ ಬಲು ದುರ್ಬಲವಾದ ಸೆಳೆತವೇ ಒಟ್ಟು ಸೇರಿ ಹಲ್ಲಿಯನ್ನು ಹೊರುತ್ತದೆ.

ಮಳೆಗಾಲದಲ್ಲಿ ಮಂಡಿಯಿಂದ ಅಳೂ, ಅಂದರೆ ಕೆಸುವಿನ ಎಲೆ ತಂದಾಗ ಪತ್ರೊಡೆಗೆ ಮುಂಚೆ ಒಂದು ಎಲೆ ಎತ್ತಿಡಿ. ನೀರು ಹನಿಸಿದರೆ ಗುಂಡಾಗಿ ಉರುಳುತ್ತದೆ, ದೂಳನ್ನೂ ಎತ್ತಿಕೊಂಡು ಹೋಗುತ್ತದೆ. ಅದೇ ಎಲೆಯ ಒಂದು ಕಡೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ ಮತ್ತೆ ಹನಿಸಿ. ಅಲ್ಲಿ ನೀರು ಅಂಟಿಕೊಳ್ಳುತ್ತದೆ, ಯಾಕೆಂದರೆ ಎಲೆಯ ಮೇಲಿನ ನವಿರಾದ ಮೇಣದ ಹರಳುಗಳನ್ನು ನೀವು ಒರೆಸಿಬಿಟ್ಟಿದ್ದೀರಿ. ತಾವರೆ ಎಲೆಯಲ್ಲಿ ಇದೇ ಸಂಗತಿಯನ್ನು ಜರ್ಮನಿಯ ಬಾರ್ಥ್‌ಲೊಟ್ ಮತ್ತು ನೈನ್‌ಹೌಸ್ 1997ರಲ್ಲಿ ವಿವರಿಸಿದರು. ಆ ಹರಳುಗಳು ನಿಮ್ಮ ಮೈಕ್ರೋಸ್ಕೋಪಿನಲ್ಲಿ ಸರಿಯಾಗಿ ಕಾಣುವುದಿಲ್ಲ, ನನ್ನ ಫ್ಯಾಕ್ಟರಿಯದರಲ್ಲೂ ಇಲ್ಲ. ಬೆಳಕಿನ ಅಲೆಗೇ ಒಂದು ಉದ್ದ ಇದೆಯಲ್ಲ, ಅದರ ಅರ್ಧದಷ್ಟಕ್ಕಿಂತ, ಅಂದರೆ ಸುಮಾರು 200 ನ್ಯಾನೋಮೀಟರಿಗಿಂತ ಚಿಕ್ಕ ವಿವರ ಸಾದಾ ಮಸೂರದಲ್ಲಿ ಬಿಡಿಬಿಡಿಯಾಗಿ ಕಾಣದು. ಎರ್ನ್ಸ್ಟ್ ಆಬೆ ಇದನ್ನು 1873ರಲ್ಲೇ ಹೇಳಿದ್ದ. ಡಬ್ಬಿ ಮೇಲೆ 2000 ಪಟ್ಟು ಅಂತ ಬರೆದಿರುವ ಆಟಿಕೆಗೆ ದಯವಿಟ್ಟು ದುಡ್ಡು ಹಾಕಬೇಡಿ, ಮಸುಕೇ ದೊಡ್ಡದಾಗುತ್ತದೆ. 40ರಿಂದ 400 ಸಾಕು.

ಇನ್ನು ನೀರು ಕರಡಿ, ಅಂದರೆ ಪಾಚಿಯಲ್ಲಿ ಸಿಗುವ ಟಾರ್ಡಿಗ್ರೇಡ್ ಎಂಬ ಪುಟ್ಟ ಪ್ರಾಣಿ. ಎಂಟು ಕಾಲು, ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಒಣಗಿದರೆ ಮುದುಡಿ ಕೂತು, ನೀರು ಬಿದ್ದಾಗ ಮತ್ತೆ ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತಮ್ಮ ಆವರಣದ ಕಾಂಕ್ರೀಟ್ ಗೋಡೆಯ ಪಾಚಿಯಲ್ಲೇ ಒಂದು ಬಗೆಯದನ್ನು ಹಿಡಿದರು, ಜೀವ ತೆಗೆಯುವಷ್ಟು ಅತಿನೇರಳೆ ಬೆಳಕನ್ನು ಅದು ನೀಲಿ ಬೆಳಕಾಗಿ ಹೊರಬಿಟ್ಟು ಬದುಕುತ್ತದೆ ಎಂದು 2020ರಲ್ಲಿ ಪ್ರಕಟಿಸಿದರು.

ಹುಡುಕಲು ದೊಡ್ಡ ಸಿದ್ಧತೆ ಬೇಡ. ಸೊಸೈಟಿಯ ಕಾಂಪೌಂಡ್ ಗೋಡೆಯಲ್ಲಿ ದಪ್ಪಗೆ, ಮೆತ್ತಗೆ ಬೆಳೆದ ಪಾಚಿ ತನ್ನಿ, ನೆಲದ ಮೇಲೆ ಜಾರುವ ಲೋಳೆ ಪಾಚಿ ಅಲ್ಲ. ಒಂದು ರಾತ್ರಿ ಮಳೆನೀರಿನಲ್ಲಿ ನೆನೆಸಿ, ಬೆಳಿಗ್ಗೆ ತಟ್ಟೆಗೆ ಹಿಂಡಿ, ಆ ಕೆಸರು ನೀರನ್ನು 40 ಪಟ್ಟಿನಲ್ಲೇ ನಿಧಾನವಾಗಿ ಹುಡುಕಿ. ಮೊದಲು ಕಾಣುವುದು ಬಹುಶಃ ಚಾಟಿಯ ಹಾಗೆ ಹೊರಳುವ ದುಂಡುಹುಳುಗಳು, ತಲೆಯ ಮೇಲೆ ಚಕ್ರ ತಿರುಗಿದಂತೆ ಕಾಣುವ ರೋಟಿಫರ್‌ಗಳು. ಕರಡಿ ಸಿಗದಿದ್ದರೆ ಬೇರೆ ಗೋಡೆ ನೋಡಿ, ಬಿಸಿಲೂ ಮಳೆಯೂ ಎರಡೂ ಬೀಳುವ ಕಡೆ ಇರುವ ಪಾಚಿಯಿಂದ ಶುರುಮಾಡಿ.