ಹನ್ನೊಂದು ದಿನ, ಐದು ಎನ್‌ಕ್ವೈರಿ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಸಾಲದ ವಿಷಯದಲ್ಲಿ ಸಲಹೆ ಕೇಳಲು ನನ್ನ ಬಳಿ ಬಂದವರನ್ನು ಟೀಚರ್ ಎನ್ನೋಣ. ಮಧ್ಯ ಕರ್ನಾಟಕದ ಒಂದು ಪ್ರೌಢಶಾಲೆಯಲ್ಲಿ ಕೆಲಸ, ವಯಸ್ಸು ನಲವತ್ತೊಂದು. ಯಜಮಾನರದು ಗೊಬ್ಬರದ ಅಂಗಡಿ. ಹದಿಮೂರು ವರ್ಷದಿಂದ ಒಂದೇ ಕ್ರೆಡಿಟ್ ಕಾರ್ಡ್, ಒಂದು ಬಿಲ್ಲೂ ತಡವಾಗಿಲ್ಲ. ಸೈಟಿನಲ್ಲಿ ಮನೆ ಕಟ್ಟಲು 30 ಲಕ್ಷ ಸಾಲ ತೆಗೆಯುವ ಯೋಚನೆ. ಮಾರ್ಚ್‌ನಲ್ಲಿ 806 ಇದ್ದ ಸಿಬಿಲ್ ಸ್ಕೋರ್ (ಸಾಲ ತೀರಿಸುವ ನಡತೆಗೆ ಸಿಗುವ ಅಂಕ) ಜೂನ್ ಹೊತ್ತಿಗೆ 762ಕ್ಕೆ ಬಂದಿತ್ತು.

"ಸರ್, ನಾನು ಯಾರ ಹತ್ರಾನೂ ಒಂದು ರೂಪಾಯಿ ಬಾಕಿ ಉಳಿಸಿಕೊಂಡವಳಲ್ಲ" ಎನ್ನುವಾಗ ಅವರ ಕಣ್ಣು ತುಂಬಿತ್ತು. ಸ್ಕೋರನ್ನು ಪದೇ ಪದೇ ನೋಡಿದ್ದಕ್ಕೇ ಇಳಿಯಿತೇನೋ ಎಂಬ ಭಯ ಬೇರೆ.

ಮೊದಲು ಆ ಭಯ ಬಿಡಿಸಿದೆ. ನಮ್ಮ ಸ್ಕೋರನ್ನು ನಾವೇ ಎಷ್ಟು ಸಲ ನೋಡಿದರೂ ಇಳಿಯುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸಾಲಗಳ ದಾಖಲೆ ಇಟ್ಟು ಸ್ಕೋರ್ ಕೊಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಹೀಗೆ ಪಡೆದ ವರದಿಯನ್ನೇ ಅವರು ಪ್ರಿಂಟ್ ಹಾಕಿಸಿ ತಂದಿದ್ದರು. ಸಾಲಗಳ ಪುಟಗಳಲ್ಲಿ ಒಂದು ಕಲೆಯೂ ಇರಲಿಲ್ಲ. ಎನ್‌ಕ್ವೈರಿ, ಅಂದರೆ ಅರ್ಜಿ ಬಂದಾಗ ಸಾಲ ಕೊಡುವವರು ನಮ್ಮ ವರದಿ ತೆಗೆದು ನೋಡಿದ ದಾಖಲೆ. ಆ ಪುಟಕ್ಕೆ ಬಂದಾಗ ಬೆರಳಿಟ್ಟು ತೋರಿಸಿದೆ: ಮೇ 9ರಿಂದ 19ರ ಒಳಗೆ ಐದು ಸಾಲು. ಒಂದು ಅವರದೇ ಬ್ಯಾಂಕಿನದು, ಎರಡು ಹೊಸ ಕಾರ್ಡ್‌ನವರದು, ಇನ್ನೆರಡು ಅವರು ಹೆಸರೇ ಕೇಳಿರದ ಫೈನಾನ್ಸ್ ಕಂಪನಿಗಳದು. ಫೋನ್ ತೆಗೆಸಿ ಹುಡುಕಿದರೆ, ಐದಕ್ಕೂ ಎಸ್‌ಎಂಎಸ್ ಬಂದು ತೆರೆಯದೆ ಬಿದ್ದಿದ್ದವು. ನಮ್ಮ ವರದಿಯನ್ನು ಯಾರಾದರೂ ತೆಗೆದರೆ ನಮಗೆ ಸಂದೇಶ ಕಳಿಸಬೇಕೆಂದು 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆ.

ಆದದ್ದು ಇಷ್ಟು. ಸೈಟಿನ ಬೋರ್‌ವೆಲ್‌ಗೆ ಮೋಟರ್, ಕೇಬಲ್, ಪೈಪ್ ಎಲ್ಲವನ್ನೂ ಕಾರ್ಡ್‌ನಲ್ಲೇ ಕೊಂಡಿದ್ದರು. 80,000 ಲಿಮಿಟ್, 71,000 ಬಿಲ್. ಲಿಮಿಟ್‌ನಲ್ಲಿ ಶೇ. 30 ದಾಟಿ ಬಳಸಿದರೆ ಸ್ಕೋರ್ ಇಳಿಯುತ್ತೆ, ಲಿಮಿಟ್ಟನ್ನೇ ಹೆಚ್ಚಿಸಿಕೋ ಎಂದು ಸಹೋದ್ಯೋಗಿ ಹೇಳಿದರಂತೆ. ಲೆಕ್ಕ ಸರಿಯೇ. ಲಿಮಿಟ್ 2,40,000 ಆಗಿದ್ದರೆ ಅದೇ 71,000 ಶೇ. 30ರ ಒಳಗೇ ಇರುತ್ತಿತ್ತು. ಆದರೆ ಬ್ಯಾಂಕ್ ಉತ್ತರ ಕೊಡುವುದು ತಡವಾಯಿತು. ಆತುರಕ್ಕೆ ಇನ್ನೆರಡು ಕಾರ್ಡ್‌ಗೆ ಅರ್ಜಿ ಹಾಕಿದರು. ಒಂದು ರಾತ್ರಿ ಯಾವುದೋ ಆ್ಯಪ್‌ನಲ್ಲಿ 'ನಿಮಗೆಷ್ಟು ಸಾಲ ಸಿಗುತ್ತದೆ ನೋಡಿ' ಎಂಬುದನ್ನೂ ಒತ್ತಿದರು. ಅಲ್ಲಿ ಹಾಕಿದ ಒಂದು ಟಿಕ್ ಎರಡು ಕಂಪನಿಗಳಿಗೆ ಅನುಮತಿಯಾಗಿ ಹೋಗಿತ್ತು.

ಇದನ್ನು ಹೇಗೆ ವಿವರಿಸಲಿ ಎಂದು ನಾನು ಯೋಚಿಸುವಷ್ಟರಲ್ಲಿ ಯಜಮಾನರೇ ಮಾತಾಡಿದರು: "ಅಲ್ಲ ಕಣೆ, ಉದ್ರಿ ಸರಿಯಾಗಿ ತೀರಿಸೋ ಗಿರಾಕೀನೇ ಆದ್ರೂ, ಅದೇ ವಾರದಾಗೆ ನಾಲ್ಕು ಅಂಗ್ಡೀಲಿ ಉದ್ರಿ ಕೇಳ್ಯಾನೆ ಅಂದ್ರೆ ನಾನೂ ಎರಡು ಸಲ ಯೋಚ್ನೆ ಮಾಡ್ತೀನಿ." ನಾನು ಅದಕ್ಕೆ ಸೇರಿಸಿದ್ದು ಇಷ್ಟೇ: ಒಂದು ಅರ್ಜಿಯಿಂದ ಒಳ್ಳೆಯ ಸ್ಕೋರಿಗೆ ಆಗುವ ಪೆಟ್ಟು ಸಣ್ಣದು, ಕೆಲವು ತಿಂಗಳಲ್ಲಿ ಮಾಯುತ್ತದೆ. ಸಾಲುಸಾಲಾಗಿ ಬಿದ್ದರೆ ಹಣಕ್ಕೆ ಪರದಾಡುವವರ ಲಕ್ಷಣದಂತೆ ಕಾಣುತ್ತದೆ. ಯಾವುದಕ್ಕೆ ಎಷ್ಟು ಅಂಕ ಹೋಯಿತೆಂದು ಬಿಡಿಸಿ ಹೇಳಲಾಗದು, ಪೂರ್ತಿ ಸೂತ್ರವನ್ನು ಕಂಪನಿಗಳು ಹೊರಗೆ ಬಿಡುವುದಿಲ್ಲ. ನನ್ನ ಅನುಭವದಲ್ಲಿ ಇಲ್ಲಿ ಹೆಚ್ಚು ತೂಗಿದ್ದು ಆ 71,000ವೇ. ಬಿಲ್ ಪೂರ್ತಿ ಕಟ್ಟುವವರಾದರೂ, ಕಟ್ಟುವ ಮೊದಲೇ ಆ ಬಾಕಿ ವರದಿಯಾಗಿಬಿಡುತ್ತದೆ.

762 ಕೆಟ್ಟ ಸ್ಕೋರೇನಲ್ಲ, ಸಾಲ ಸಿಗುತ್ತದೆ. ಆದರೆ ಹಲವು ಬ್ಯಾಂಕುಗಳು ಮನೆಸಾಲದ ಬಡ್ಡಿಯನ್ನು ಸ್ಕೋರಿಗೆ ತಕ್ಕಂತೆ ಇಡುತ್ತವೆ. 30 ಲಕ್ಷಕ್ಕೆ, ಇಪ್ಪತ್ತು ವರ್ಷಕ್ಕೆ, ಬಡ್ಡಿ ಶೇ. 8ರ ಬದಲು 8.25 ಆದರೆ ತಿಂಗಳ ಕಂತು ಸುಮಾರು 470 ರೂಪಾಯಿ ಏರುತ್ತದೆ. ಒಟ್ಟು 1,12,000ದ ಆಸುಪಾಸು. ಈ ಮೊತ್ತ ಬರೆದು ತೋರಿಸಿದ ಮೇಲೆ, ಮೂರು ತಿಂಗಳು ಕಾಯಲು ಇಬ್ಬರೂ ಒಪ್ಪಿದರು.

ಸಲಹೆಯೆಂದು ಕೊಟ್ಟದ್ದು: ಮನೆಸಾಲ ಕೈಗೆ ಬರುವವರೆಗೆ ಬೇರೆ ಯಾವ ಅರ್ಜಿಯೂ ಬೇಡ. ಮತ್ತೆ ಅಷ್ಟು ಖರ್ಚಾದರೆ, ಬಿಲ್ ತಯಾರಾಗುವ ತಾರೀಖಿಗೆ ಮೊದಲೇ 50,000 ಕಟ್ಟಿ ಬಾಕಿಯನ್ನು 21,000ಕ್ಕೆ ಇಳಿಸಿ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ವರದಿ ಮಾಡಬೇಕಾಗಿರುವುದರಿಂದ ಬೇಗ ಕಾಣುತ್ತದೆ. ಸಿಟ್ಟಿನಲ್ಲಿ ಹಳೆಯ ಕಾರ್ಡ್ ಮುಚ್ಚಿಸಬೇಡಿ, ಹದಿಮೂರು ವರ್ಷದ ನಡತೆಗೆ ಅದೇ ಸಾಕ್ಷಿ. ಬಡ್ಡಿ ಎಷ್ಟೆಂದು ಹತ್ತು ಬ್ಯಾಂಕಿನಲ್ಲಿ ಬಾಯಿಮಾತಿನಲ್ಲಿ ಕೇಳಿ, ಪ್ಯಾನ್ ಮತ್ತು ಸಹಿ ಮಾತ್ರ ಒಂದೆರಡು ಕಡೆ ಕೊಡಿ.

ಆ ಎರಡು ಫೈನಾನ್ಸ್ ಕಂಪನಿಗಳ ಎನ್‌ಕ್ವೈರಿ ಸಾಲುಗಳನ್ನು ಅಳಿಸಬಹುದೇ ಎಂದು ಕೇಳಿದರು. ಅನುಮತಿಯಿಲ್ಲದೆ ತೆಗೆದಿದ್ದರೆ ದೂರು ಕೊಡಬಹುದಿತ್ತು, 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಇದೆ. ಆದರೆ ಟಿಕ್ ಹಾಕಿದ್ದು ಅವರೇ. ಇಲ್ಲದ ಆಸೆ ಹುಟ್ಟಿಸಲು ನನಗೆ ಮನಸ್ಸಾಗಲಿಲ್ಲ.

ಹೊರಡುವಾಗ ಬ್ಯಾಗಿನಿಂದ ಒಂದು ಲಕೋಟೆ ತೆಗೆದರು. ಎರಡು ಹೊಸ ಕಾರ್ಡ್‌ಗಳಲ್ಲಿ ಒಂದು ಮಂಜೂರಾಗಿ ಹಿಂದಿನ ವಾರ ಮನೆಗೆ ಬಂದಿತ್ತು, ಹೆದರಿಕೆಗೆ ಅಂಟೂ ಬಿಡಿಸಿರಲಿಲ್ಲ. ಅದು ಒಳ್ಳೆಯದೇ ಆಯಿತು. 30 ದಿನ ಆ್ಯಕ್ಟಿವೇಟ್ ಮಾಡದಿದ್ದರೆ ಕಂಪನಿ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಕೊಡದಿದ್ದರೆ ಏಳು ಕೆಲಸದ ದಿನಗಳೊಳಗೆ ಶುಲ್ಕವಿಲ್ಲದೆ ಮುಚ್ಚಬೇಕು. ಆ್ಯಕ್ಟಿವೇಟ್ ಆಗುವವರೆಗೆ ಆ ಖಾತೆಯನ್ನು ವರದಿ ಮಾಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ 2022ರ ನಿಯಮ. "ಒಟಿಪಿ ಬಂದರೆ ಕೊಡಬೇಡಿ ಟೀಚರ್" ಎಂದೆ. ಲಕೋಟೆಯನ್ನು ಹಾಗೇ ಒಳಗಿಟ್ಟುಕೊಂಡರು.

ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದಾಗ 791 ಇತ್ತು. ಒಂದೇ ಬ್ಯಾಂಕಿಗೆ ಅರ್ಜಿ ಹಾಕಿದ್ದಾರೆ, ಪಾಯದ ಹಂತದ ಹಣ ಬಿಡುಗಡೆಯಾಗಿದೆ. ಲಿಮಿಟ್ ಹೆಚ್ಚಿಸುವ ಮಾತನ್ನು ಮೋಲ್ಡ್ ಹಾಕಿ ಕೊನೆಯ ಹಂತದ ಹಣ ಬಂದ ಮೇಲೆ ತೆಗೆಯೋಣ ಎಂದಿದ್ದೇನೆ. ಆಗಲೂ ಮೊದಲು ಬ್ಯಾಂಕಿನವರನ್ನು ಕೇಳಬೇಕಾದ ಪ್ರಶ್ನೆಯನ್ನು ಅವರ ಡೈರಿಯಲ್ಲಿ ಬರೆಸಿದ್ದೇನೆ: "ಇದಕ್ಕೆ ನನ್ನ ವರದಿ ಮೇಲೆ ಹೊಸ ಎನ್‌ಕ್ವೈರಿ ಬೀಳುತ್ತದೆಯೇ?"