ಅಡಿಕೆಯ ತೇವಾಂಶ ಅಳೆಯುವ ಸಾಧನ ಮಾಡಿದ್ದೇವೆ. ಮುಂದಿನ ತಿಂಗಳು ಕಾಲೇಜಿನ ಪ್ರದರ್ಶನದಲ್ಲಿ ಅದನ್ನು ಇಡುತ್ತೇವೆ. ಅದನ್ನು ಮಾರುಕಟ್ಟೆಗೆ ತರಲು ವಿಶ್ವವಿದ್ಯಾಲಯಗಳ ಕಾರ್ಯಕ್ರಮಗಳು ನಿಜಕ್ಕೂ ನೆರವಾಗುತ್ತವೆಯೇ?

ನೆರವಾಗುತ್ತವೆ. ಆದರೆ ನಿಮ್ಮ ಪ್ರಶ್ನೆಯಲ್ಲಿದ್ದ ಒಂದು ಮಾತು ಓದಿ ಗಾಬರಿಯಾಯಿತು: ಮುಂದಿನ ತಿಂಗಳು ಕಾಲೇಜಿನ ಪ್ರದರ್ಶನದಲ್ಲಿ ಸಾಧನವನ್ನು ಇಡುತ್ತೇವೆ ಎಂದಿದ್ದೀರಿ. ದಯವಿಟ್ಟು ಅದಕ್ಕೆ ಮೊದಲೇ ಪೇಟೆಂಟಿಗೆ ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಹತ್ತು ಜನರೆದುರು ಬಿಚ್ಚಿಟ್ಟ ಮೇಲೆ ಅದು ಹೊಸದು ಎಂದು ಸಾಧಿಸುವುದು ಬಹಳ ಕಷ್ಟ. ನಿಮ್ಮ ಹೆಸರಿನಲ್ಲೇ ಆನ್‌ಲೈನ್ ಮೂಲಕ ಸಲ್ಲಿಸಿದರೆ ಅರ್ಜಿ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆ ಕೊಡಲು 12 ತಿಂಗಳು ಸಿಗುತ್ತದೆ. ಹಕ್ಕು ನಿಮ್ಮದೋ ಕಾಲೇಜಿನದೋ ಎಂಬುದನ್ನೂ ಈಗಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇನ್ನು ಕಾರ್ಯಕ್ರಮಗಳ ವಿಷಯ. ಕೆಲವು ವರ್ಷಗಳ ಹಿಂದೆ ನಾನೂ ಗೆಳೆಯನೊಬ್ಬನೂ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯ (ರೀಲಿಂಗ್) ಬಾಣಲೆಯ ನೀರಿನ ಬಿಸಿ ತೋರಿಸುವ ಪೆಟ್ಟಿಗೆಯೊಂದನ್ನು ಮಾಡಿ ಇನ್‌ಕ್ಯುಬೇಟರ್ ಒಂದಕ್ಕೆ, ಅಂದರೆ ಹೊಸ ಉದ್ಯಮಗಳನ್ನು ಬೆಳೆಸುವ ಕೇಂದ್ರಕ್ಕೆ, ಸೇರಿದೆವು. ಅಲ್ಲಿನ ಮಾರ್ಗದರ್ಶಕರು ಪೆಟ್ಟಿಗೆಯನ್ನು ನೋಡಲೇ ಇಲ್ಲ. "ಎಷ್ಟು ರೀಲರುಗಳ ಹತ್ತಿರ ಮಾತನಾಡಿದ್ದೀರಿ?" ಎಂದರು. ಮೂವರು ಎಂದೆವು. ಶಿಡ್ಲಘಟ್ಟಕ್ಕೆ ಕಳಿಸಿದರು. ಅಲ್ಲಿ ಒಬ್ಬ ತಾಯಿ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆಳ್ಳಗೆ ಸುಕ್ಕುಗಟ್ಟಿದ್ದ ಬೆರಳುಗಳನ್ನು ನನ್ನ ಮುಂದೆ ಹಿಡಿದು, "ನೀರು ಎಷ್ಟು ಕಾದಿದೆ ಅಂತ ಇವಕ್ಕೆ ಗೊತ್ತಪ್ಪ. ಇವು ಬೇಯದ ಹಾಗೆ ಏನಾದರೂ ಮಾಡಿಕೊಡು" ಎಂದರು. ಆರು ತಿಂಗಳು ನಾವು ಬಿಡಿಸುತ್ತಿದ್ದದ್ದು ಯಾರಿಗೂ ಇಲ್ಲದ ಸಮಸ್ಯೆಯನ್ನು. ಆ ಪೆಟ್ಟಿಗೆಯನ್ನು ಅಲ್ಲಿಗೇ ಕೈಬಿಟ್ಟು, ಎಳೆ ಹುಡುಕುವ ಕೆಲಸದ ಕಡೆಗೆ ಹೊರಳಿದೆವು. ನನಗೆ ಆ ಕಾರ್ಯಕ್ರಮ ಕೊಟ್ಟ ಅತಿ ದೊಡ್ಡ ಲಾಭ ಅದೇ.

ಅಮೆರಿಕದಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಆರಂಭಿಸಿದ ಐ-ಕೋರ್ ಎಂಬ ತರಬೇತಿ ಕಾರ್ಯಕ್ರಮ ಇದನ್ನೇ ಕಡ್ಡಾಯ ಮಾಡಿತು: ಏಳು ವಾರಗಳಲ್ಲಿ ಸುಮಾರು ನೂರು ಜನರನ್ನು ಸಂದರ್ಶಿಸಬೇಕು. ನಮ್ಮ ಹುಬ್ಬಳ್ಳಿ ಮೂಲದ ಉದ್ಯಮಿ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದಂಪತಿ 2 ಕೋಟಿ ಡಾಲರ್ ಕೊಟ್ಟು 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಕೇಂದ್ರವೂ ಪ್ರಯೋಗಾಲಯದ ಸಂಶೋಧಕರ ಪಕ್ಕದಲ್ಲಿ ಉದ್ಯಮ ಬಲ್ಲವರನ್ನು ಕೂರಿಸಿತು. ಈ ಜೊತೆಗಾರಿಕೆ ಅನುದಾನಕ್ಕಿಂತ ಹೆಚ್ಚಿನದು ಎಂದು ನನ್ನ ದೃಢ ನಂಬಿಕೆ.

ಹಣವೂ ಬೇಕು ನಿಜ. ಕೇಂದ್ರ ಸರ್ಕಾರದ ನಿಧಿ-ಪ್ರಯಾಸ್ ಯೋಜನೆ ನಿಮ್ಮಂಥವರಿಗೆಂದೇ ರೂಪಿಸಿದ್ದು; ಆಯ್ದ ಇನ್‌ಕ್ಯುಬೇಟರುಗಳ ಮೂಲಕ ಮಾದರಿ ತಯಾರಿಸಲು 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕೇಂದ್ರ ಸರ್ಕಾರದ್ದೇ ಸಂಸ್ಥೆಯಾದ ಬಿರಾಕ್‌ನ ಬಿಗ್ ಅನುದಾನ 50 ಲಕ್ಷದವರೆಗೆ ಇದೆ, ಆದರೆ ಅದು ಜೈವಿಕ ತಂತ್ರಜ್ಞಾನಕ್ಕೆ. ನಿಮ್ಮ ಸಾಧನ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂದು ಅರ್ಜಿ ತುಂಬುವ ಮೊದಲೇ ವಿಚಾರಿಸಿ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಎರಡರಲ್ಲೂ ಇನ್‌ಕ್ಯುಬೇಷನ್ ಕೇಂದ್ರಗಳಿವೆ.

ಇನ್‌ಕ್ಯುಬೇಟರಿನ ಆಯ್ಕೆ ಸಂದರ್ಶನಕ್ಕೆ ಹೋದಾಗ ಅಲ್ಲಿನವರು ಮೊದಲು ಕೇಳುವುದು ಸೆನ್ಸರಿನ ನಿಖರತೆಯನ್ನಲ್ಲ, ದುಡ್ಡು ಕೊಡುವವರು ಯಾರು ಎಂಬುದನ್ನು. ಅಡಿಕೆ ಒಣಗಿಸುವ ಬೆಳೆಗಾರರೋ, ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರೋ, ಮಂಡಿಯವರೋ? ಮಂಡಿಯಲ್ಲಿ ಅಡಿಕೆ ಕತ್ತರಿಸಿ ನೋಡಿಯೇ ಬೆಲೆ ಕಟ್ಟುವ ಅನುಭವಿಗೆ ನಿಮ್ಮ ಅಂಕಿ ಬೇಕೇ ಬೇಡವೇ ಎಂಬುದು ಅವರನ್ನೇ ಕೇಳಿದರೆ ಮಾತ್ರ ತಿಳಿಯುತ್ತದೆ. ಇವರೊಂದಿಗಿನ ಮಾತುಕತೆಯ ಮೊದಲ ಸುತ್ತಿನಲ್ಲಿ ಸಾಧನ ತೋರಿಸಬೇಡಿ. ಒಣಗಿಸುವಾಗ, ಮಾರುವಾಗ ಎಲ್ಲಿ ನಷ್ಟವಾಗುತ್ತದೆ ಎಂದಷ್ಟೇ ಕೇಳಿ, ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ.