ಬಂದವಳು ಅಕ್ಕ, ಹೊರಗೆ ಕಾದವನು ತಮ್ಮ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಆಕೆಗೆ ಇಪ್ಪತ್ನಾಲ್ಕು. ಬಿ.ಎಡ್. ಮುಗಿಯುವ ಹಂತದಲ್ಲಿತ್ತು, ಮನೆಯಲ್ಲಿ ಗಂಡು ಹುಡುಕುತ್ತಿದ್ದರು. ಮೊಡವೆಯ ಚಿಂತೆಯಲ್ಲಿ ಮಗಳಿಗೆ ಊಟ ಸೇರುತ್ತಿಲ್ಲ, ಕಾಲೇಜಿಗೂ ಹೋಗುತ್ತಿಲ್ಲ ಎಂದು ತಾಯಿ ಫೋನಿನಲ್ಲಿ ಹೇಳಿದ್ದರು. ಎದುರು ಕುಳಿತಾಗ ನನಗೆ ಕಂಡದ್ದು ಹಣೆಯ ಮೇಲೆ, ಮೂಗಿನ ಪಕ್ಕ ಸಣ್ಣ ಬಿಳಿ ಮತ್ತು ಕಪ್ಪು ಚುಕ್ಕೆಗಳು, ಮೂರ್ನಾಲ್ಕು ಕೆಂಪು ಗುಳ್ಳೆಗಳು. ಅವುಗಳಿಗಿಂತ ಎದ್ದು ಕಾಣುತ್ತಿದ್ದವು ಉಗುರಿನಿಂದ ಕೆದಕಿದ ಗಾಯಗಳು ಮತ್ತು ಗಾಯ ಮಾಗಿದಲ್ಲೆಲ್ಲ ಉಳಿದ ಕಂದು ಕಲೆಗಳು.

‘ಇದೇನು ಮಹಾ’ ಎಂದು ನಾನು ಹೇಳಲಿಲ್ಲ. ಆ ಮಾತನ್ನು ಅವಳು ಮನೆಯಲ್ಲಿ ಸಾಕಷ್ಟು ಕೇಳಿದ್ದಳು. ಮೊಡವೆ ಎಷ್ಟು ತೀವ್ರ ಎನ್ನುವುದಕ್ಕೂ ಅದು ಮನಸ್ಸನ್ನು ಎಷ್ಟು ಹಿಂಡುತ್ತದೆ ಎನ್ನುವುದಕ್ಕೂ ನೇರ ಲೆಕ್ಕವಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು. ಗಂಡಿನ ಕಡೆಯವರಿಗೆ ಫೋಟೊ ಕಳಿಸಿದ ರಾತ್ರಿಗಳಲ್ಲಿ ಅವಳು ಸ್ನಾನದ ಮನೆಯ ದೀಪದ ಕೆಳಗೆ, ಹಿಗ್ಗಿಸಿ ತೋರಿಸುವ ಕನ್ನಡಿ ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಿದ್ದಳು. ಒಂದು ಚುಕ್ಕೆ ಹಿಸುಕಿದರೆ ಮುಖ ನಯವಾದೀತು ಎಂಬ ಆಸೆ, ಹಿಸುಕಿದ ಮೇಲೆ ಕೆಂಪು ನೋಡಿ ಅಳು.

ಕೈಚೀಲದಿಂದ ಒಂದು ಟ್ಯೂಬ್ ತೆಗೆದಳು. ಚಿಕ್ಕಮ್ಮ ಔಷಧಿ ಅಂಗಡಿಯಿಂದ ತಂದುಕೊಟ್ಟಿದ್ದು, ಇನ್ನೂ ಎರಡು ಸಲವಷ್ಟೇ ಹಚ್ಚಿದ್ದಳು. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ಬೆಟಾಮೆಥಾಸೋನ್’ ಎಂದಿತ್ತು, ಅಂದರೆ ಸ್ಟೀರಾಯ್ಡ್. ಮೊದಮೊದಲು ಮುಖಕ್ಕೆ ಹೊಳಪು ಬರುತ್ತದೆ. ಬಿಡದೆ ಹಚ್ಚಿದರೆ ಚರ್ಮ ತೆಳುವಾಗಿ, ಬಿಸಿಲಿಗೆ ಉರಿದು, ಹೊಸ ಗುಳ್ಳೆಗಳೇಳುತ್ತವೆ. ನಿಲ್ಲಿಸಿದರೆ ಇನ್ನಷ್ಟು ಕೆರಳುತ್ತದೆ, ಹಾಗಾಗಿ ಮತ್ತೆ ಅದನ್ನೇ ಹಚ್ಚುತ್ತಾರೆ. ಇಂಥ ಹಲವು ಮುಲಾಮುಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೇಳಿದವರಿಗೆ ಸಿಗುತ್ತಿವೆ, ಅದೂ ಬೆಳ್ಳಗಾಗುವ ಕ್ರೀಮಿನ ಹೆಸರಿನಲ್ಲಿ.

ತಾಯಿಯನ್ನು ಕರೆಯಲು ಬಾಗಿಲು ತೆರೆದಾಗ ಬೆಂಚಿನ ಮೇಲೆ ತಮ್ಮನೂ ಇದ್ದ. ಅಕ್ಕನನ್ನು ಬೈಕಿನಲ್ಲಿ ಕರೆತಂದವನು, ಇಪ್ಪತ್ತರ ಹುಡುಗ. ಸೆಕೆಗಾಲದಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಕಪ್ಪು ಅಂಗಿ. ದವಡೆಯಂಚಿನಲ್ಲಿ ಬಟಾಣಿ ಗಾತ್ರದ ಗಂಟುಗಳು, ಕೆನ್ನೆಯಲ್ಲಿ ಆಗಲೇ ಬಿದ್ದ ಕುಳಿಗಳು. ‘ಯಾವ ಡಾಕ್ಟರಿಗೆ ತೋರಿಸಿದ್ದೀಯಪ್ಪ?’ ಎಂದೆ. ಉತ್ತರ ತಾಯಿಯಿಂದ ಬಂತು: ‘ಗಂಡು ಹುಡುಗ ಅಲ್ಲವೇ ಮೇಡಂ, ಮೈಯಲ್ಲಿ ಉಷ್ಣ. ಮದುವೆಯಾದರೆ ಹೋಗುತ್ತದೆ.’ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದಾಗ ಸಂಗತಿ ಹೊರಬಂತು. ಬೆನ್ನಿನ ಗಂಟುಗಳು ಒಡೆದು ಬಿಳಿ ಅಂಗಿಗೆ ರಕ್ತ, ಕೀವು ಅಂಟುತ್ತವೆ. ಅದಕ್ಕೇ ಕಪ್ಪು ಅಂಗಿ. ಅದಕ್ಕೇ ವಾಲಿಬಾಲ್ ಬಿಟ್ಟಿದ್ದ.

ತಾಯಿಗೆ ನಾನು ವಿವರಿಸಿದ್ದು ಹೀಗೆ. ಕೂದಲು ಹುಟ್ಟುವ ರಂಧ್ರದಲ್ಲಿ ಚರ್ಮದ ಎಣ್ಣೆಯೂ ಸತ್ತ ಕೋಶಗಳೂ ಸೇರಿ ಬಿರಡೆಯಂತೆ ಕಟ್ಟಿಕೊಳ್ಳುತ್ತವೆ. ಬಾಯಿ ಮುಚ್ಚಿದ್ದರೆ ಬಿಳಿ ಚುಕ್ಕೆ, ತೆರೆದಿದ್ದರೆ ಕಪ್ಪು ಚುಕ್ಕೆ. ಆ ಕಪ್ಪು ಕೊಳೆಯಲ್ಲ, ಆದ್ದರಿಂದ ಕಡಲೆಹಿಟ್ಟಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಉರಿಯೂತವಾದರೆ ಕೆಂಪು ಗುಳ್ಳೆ, ಕೀವುಗುಳ್ಳೆ. ಇದೆಲ್ಲ ಚರ್ಮದ ಆಳಕ್ಕಿಳಿದರೆ ನೋಯುವ ಗಂಟು. ಶಾಶ್ವತ ಕುಳಿ ಬೀಳುವ ಭಯ ಇಲ್ಲಿಯೇ ಹೆಚ್ಚು. ಗಂಟು ಕಂಡರೆ ಮನೆಮದ್ದಿಗೆ ಕಾಯದೆ ಚರ್ಮರೋಗ ತಜ್ಞರ ಬಳಿಗೆ ಹೋಗಬೇಕು.

ಇಬ್ಬರನ್ನೂ ತಜ್ಞರ ಬಳಿ ಕಳಿಸಿದೆ. ಅಕ್ಕನದು ಸೌಮ್ಯ ಬಗೆ ಎಂದರು. ರಾತ್ರಿ ಮುಖಕ್ಕೆಲ್ಲ ಸೇರಿ ಕಡಲೆ ಕಾಳಿನಷ್ಟು ಅಡಾಪಲೀನ್ ಜೆಲ್, ಕೆಂಪು ಗುಳ್ಳೆಗಳಿಗೆ ಬೆನ್ಜಾಯ್ಲ್ ಪೆರಾಕ್ಸೈಡ್, ಹಗಲಲ್ಲಿ ಸನ್‌ಸ್ಕ್ರೀನ್. ಸ್ಟೀರಾಯ್ಡ್ ಟ್ಯೂಬು ಕಸದ ಬುಟ್ಟಿಗೆ. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆಯೇಳಬಹುದು, ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು ಎಂದು ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಹತ್ತನೆಯ ದಿನವೇ ಔಷಧ ಬಿಟ್ಟುಬಿಡುತ್ತಿದ್ದಳು. ಬೆನ್ಜಾಯ್ಲ್ ಪೆರಾಕ್ಸೈಡ್ ತಗುಲಿದ ದಿಂಬಿನ ಹೊದಿಕೆ ಬಣ್ಣ ಕಳೆದುಕೊಳ್ಳುತ್ತದೆ, ಹಳೆಯದನ್ನೇ ಹಾಕಿಕೊ ಎಂದು ನಾನು ಸೇರಿಸಿದೆ.

ಕೆದಕುವ ಚಾಳಿಯ ಚಿಕಿತ್ಸೆ ನನ್ನ ಪಾಲಿನದು. ಯಾವಾಗ ಕೈ ಮುಖಕ್ಕೆ ಹೋಯಿತು, ಅದಕ್ಕೆ ಮುಂಚೆ ಏನಾಗಿತ್ತು ಎಂದು ಡೈರಿಯಲ್ಲಿ ಬರೆಯಲು ಹೇಳಿದೆ. ಹೆಚ್ಚಿನ ಬಾರಿ ಅದಕ್ಕೆ ಮುಂಚೆ ಮದುವೆಯ ಮಾತಿತ್ತು. ಹಿಗ್ಗಿಸುವ ಕನ್ನಡಿ ಬೀರುವಿಗೆ ಹೋಯಿತು, ಉಳಿದ ಕನ್ನಡಿಯನ್ನು ಒಂದು ತೋಳಿನ ದೂರದಿಂದ ಮಾತ್ರ ನೋಡುವುದು. ಉಗುರು ಚಿಕ್ಕದಾಗಿ ಕತ್ತರಿಸುವುದು. ತಾಯಿಗೂ ಒಂದು ಕೆಲಸ ಕೊಟ್ಟೆ: ಬೆಳಿಗ್ಗೆ ಮಗಳು ಎದುರು ಬಂದಾಗ ಮೊದಲ ಮಾತು ಮುಖದ ಬಗ್ಗೆ ಆಗಿರಬಾರದು. ತಾಯಿಗೆ ಇದು ಬಹಳ ಕಷ್ಟವಾಯಿತು, ಅವರೇ ಒಪ್ಪಿಕೊಂಡರು.

ತಮ್ಮನದು ತೀವ್ರ ಬಗೆ. ರಕ್ತಪರೀಕ್ಷೆ ಮಾಡಿಸಿ ಐಸೊಟ್ರೆಟಿನಾಯಿನ್ ಮಾತ್ರೆ ಆರಂಭಿಸಿದರು. ತುಟಿ ಒಡೆಯುವುದು ಸಾಮಾನ್ಯ, ಆದರೆ ಮನಸ್ಸು ಕುಗ್ಗಿದಂತೆ ಅನ್ನಿಸಿದರೆ ತಡಮಾಡದೆ ವೈದ್ಯರಿಗೂ ನನಗೂ ತಿಳಿಸಬೇಕೆಂದು ಅವನಿಗೆ ಹೇಳಿದ್ದೇನೆ. ಆಗಲೇ ಬಿದ್ದ ಕುಳಿಗಳು ಮಾತ್ರೆಯಿಂದ ಮುಚ್ಚುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ ಎಂಬುದನ್ನೂ ಮುಚ್ಚಿಡಲಿಲ್ಲ.

ಮೂರನೆಯ ತಿಂಗಳಲ್ಲಿ ತಾಯಿ ಫೋನ್ ಮಾಡಿದರು. ಮಗನ ಗಂಟುಗಳು ಇಳಿಯುತ್ತಿದ್ದವು. ‘ಅದೇ ಮಾತ್ರೆ ಅವಳಿಗೂ ಕೊಟ್ಟರೆ ಬೇಗ ಹೋಗುವುದಿಲ್ಲವೇ ಮೇಡಂ? ಶ್ರಾವಣದಲ್ಲಿ ಗಂಡಿನ ಕಡೆಯವರು ಬರುತ್ತಾರೆ.’ ಖಂಡಿತ ಕೂಡದು ಎಂದೆ. ಆ ಮಾತ್ರೆ ನಡೆಯುವಾಗ ಗರ್ಭ ನಿಂತರೆ ಮಗುವಿಗೆ ಗಂಭೀರ ಅಂಗವೈಕಲ್ಯವಾಗಬಹುದು. ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಎಚ್ಚರ ಬೇಕು. ಅವಳ ಸೌಮ್ಯ ಮೊಡವೆಗೆ ಅದರ ಅಗತ್ಯವೂ ಇಲ್ಲ. ಮುಂದಿನ ಭೇಟಿಗೆ ಮಗಳ ಜೊತೆ ನೀವೂ ಬನ್ನಿ, ಶ್ರಾವಣದ ವಿಷಯವನ್ನೇ ಮೊದಲು ಮಾತಾಡೋಣ ಎಂದು ದಿನ ಗೊತ್ತುಮಾಡಿದೆ.